ಇಂದಿನ ಚಿಂತನೆ: ಟೋಪಿ ತೆಗೆಯದ ಕೂಲಿಕಾರ

ನಮೋ ಬುದ್ಧಾಯ. ಜೈ ಭೀಮ್.



ನಮ್ಮ ತಾತ ಮೇಲುಗೇರಿ ದಾಟುವಾಗ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅಜ್ಜಿ. ತಾತ ಬದುಕಿರುವವರೆಗೂ ಆ ಮಾತು ಎತ್ತಲಿಲ್ಲ. ಕಳೆದ ತಿಂಗಳು ಒಬ್ಬ ನಾಟಕಕಾರರ ಜೀವನದ ಬಗ್ಗೆ ಓದುತ್ತಿದ್ದಾಗ ಒಂದು ಟೋಪಿಯ ಸಂಗತಿ ಬಂತು. ಅಲ್ಲಿಗೆ ಪುಸ್ತಕ ಮಡಿಚಿಟ್ಟು ಸುಮ್ಮನೆ ಕುಳಿತೆ. ತಾತನ ಟವೆಲ್ ನೆನಪಾಯಿತು.

ಆ ನಾಟಕಕಾರರ ಹೆಸರು ಶಾನ್ ಓಕೇಸಿ. ಐರ್ಲೆಂಡಿನವರು. ಅವರ ಬದುಕಿನ ಕಥೆಯನ್ನು ಇವತ್ತು ನಿಮಗೆ ಹೇಳಬೇಕು ಅನ್ನಿಸಿತು. ಹೇಳಲು ನನ್ನದೇ ಒಂದು ಕಾರಣವೂ ಇದೆ, ಅದನ್ನು ಕೊನೆಯಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ. ಬಿಡುವು ಮಾಡಿಕೊಂಡು ಓದಿ.

ಓಕೇಸಿ ಹುಟ್ಟಿದ್ದು 1880ರ ಮಾರ್ಚ್ 30ರಂದು, ಡಬ್ಲಿನ್ ನಗರದಲ್ಲಿ. ಆಗ ನಮ್ಮ ದೇಶದಂತೆ ಐರ್ಲೆಂಡ್ ಕೂಡ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ ಇಟ್ಟ ಹೆಸರು ಜಾನ್ ಕೇಸಿ. ಅದಕ್ಕೂ ಮೊದಲು ಅದೇ ಹೆಸರಿಟ್ಟ ಎರಡು ಗಂಡುಕೂಸುಗಳು ಆ ಮನೆಯಲ್ಲಿ ತೀರಿಹೋಗಿದ್ದವು. ಕ್ಯಾಥೊಲಿಕರೇ ಹೆಚ್ಚಿರುವ ಊರಿನಲ್ಲಿ ಇವರದು ಪ್ರಾಟೆಸ್ಟೆಂಟ್ ಕುಟುಂಬ. ತಂದೆ ಮೈಕೆಲ್ ಒಂದು ಮಿಷನ್ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದರು. ಓದುವ ಹವ್ಯಾಸವಿದ್ದ ಮನುಷ್ಯ, ಮನೆಯಲ್ಲಿ ಪುಸ್ತಕಗಳಿದ್ದವು. ಹುಡುಗನಿಗೆ ಆರು ವರ್ಷವಾದಾಗ ತಂದೆ ತೀರಿಕೊಂಡರು. ಅಲ್ಲಿಂದ ಮನೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ತಾಯಿ ಸೂಸನ್ ಹೇಗೋ ಒಲೆ ಆರದಂತೆ ನೋಡಿಕೊಂಡರು.

ಬಡತನದ ಜೊತೆಗೆ ಕಣ್ಣಿನ ಕಾಯಿಲೆ. ಟ್ರಕೋಮಾ ಎಂಬ ರೋಗ ಎಳವೆಯಲ್ಲೇ ಅಂಟಿಕೊಂಡಿತು. ಕಣ್ಣು ಉರಿ, ಕೀವು, ನೋವು. ಬೆಳಕು ಕಂಡರೆ ಆಗುತ್ತಿರಲಿಲ್ಲ. ಶಾಲೆಗೆ ಹೋದದ್ದಕ್ಕಿಂತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಕುಳಿತ ದಿನಗಳೇ ಹೆಚ್ಚು. ಆದರೆ ಅವರಿಗೆ ಒಬ್ಬ ಅಕ್ಕ ಇದ್ದರು, ಇಸಬೆಲ್ಲಾ. ಮನೆಯವರು ಬೆಲ್ಲಾ ಎಂದು ಕರೆಯುತ್ತಿದ್ದರು. ಅವರು ಶಾಲಾ ಶಿಕ್ಷಕಿ. ತಮ್ಮನಿಗೆ ಅಕ್ಷರ ಹೇಳಿಕೊಟ್ಟವರು ಅವರೇ. ಮುಂದೆ ಹದಿಹರೆಯದಲ್ಲಿ ಆ ಹುಡುಗ ಪುಸ್ತಕವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ತಾನೇ ಓದಲು ಶುರುಮಾಡಿದ. ಷೇಕ್ಸ್‌ಪಿಯರ್ ಓದಿದ. ಅಣ್ಣನ ಜೊತೆ ಸೇರಿ ಮನೆಯಲ್ಲೇ ನಾಟಕದ ದೃಶ್ಯಗಳನ್ನು ಆಡಿದ.

ಹದಿನಾಲ್ಕಕ್ಕೆ ದುಡಿಮೆ ಶುರುವಾಯಿತು. ಒಂದು ಕಡೆ ಪತ್ರಿಕೆಗಳನ್ನು ಹಂಚುವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಸಂಬಳದ ದಿನ ಎಲ್ಲರೂ ಸಾಲಿನಲ್ಲಿ ಹೋಗಿ ತಲೆಯ ಮೇಲಿನ ಟೋಪಿ ತೆಗೆದು ಕೈಚಾಚಿ ಸಂಬಳದ ಲಕೋಟೆ ಪಡೆಯಬೇಕಿತ್ತು. ಈ ಹುಡುಗ ಟೋಪಿ ತೆಗೆಯಲಿಲ್ಲ. ದುಡಿದದ್ದಕ್ಕೆ ಕೊಡುವ ಹಣ ಭಿಕ್ಷೆಯಲ್ಲ, ಅದಕ್ಕೆ ತಲೆ ಬರಿದು ಮಾಡಬೇಕಿಲ್ಲ ಎಂಬುದು ಅವನ ಲೆಕ್ಕ. ಕೆಲಸ ಹೋಯಿತು. ಮನೆಯಲ್ಲಿ ತಾಯಿ ಕಾಯುತ್ತಿದ್ದರು, ಹೊಟ್ಟೆಗೆ ಬೇಕಿತ್ತು. ಆದರೂ ತೆಗೆಯಲಿಲ್ಲ.

ಬಂಧುಗಳೇ, ನಾನು ಪುಸ್ತಕ ಮಡಿಚಿಟ್ಟದ್ದು ಇಲ್ಲಿ.

ತಾತ ಹೇಡಿ, ಆ ಹುಡುಗ ಧೀರ ಎಂದು ನಾನು ಹೇಳುತ್ತಿಲ್ಲ. ಆ ಹುಡುಗನಿಗೆ ಹೋದದ್ದು ಕೆಲಸ. ತಾತ ಟವೆಲ್ ತೆಗೆಯದಿದ್ದರೆ ಹೋಗುತ್ತಿದ್ದದ್ದು ಗುಡಿಸಲು, ಕೆಲವೊಮ್ಮೆ ಜೀವ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ತಲೆಯ ಮೇಲಿನ ಒಂದು ತುಂಡು ಬಟ್ಟೆಗೆ ಇಷ್ಟು ಬೆಲೆ ಇದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಓಕೇಸಿ ವರ್ಷಗಟ್ಟಲೆ ರೈಲ್ವೆಯಲ್ಲಿ ಗುದ್ದಲಿ, ಪಿಕಾಸಿ ಹಿಡಿದು ಕೂಲಿ ಮಾಡಿದರು. ಆ ಹೊತ್ತಿಗೆ ದೇಶಪ್ರೇಮದ ಗಾಳಿ ಜೋರಾಗಿತ್ತು. ಐರಿಷ್ ಭಾಷೆಯನ್ನು ಉಳಿಸಲು ಹುಟ್ಟಿದ ಗೇಲಿಕ್ ಲೀಗ್ ಸೇರಿದರು. ಆ ಭಾಷೆ ಕಲಿತರು. ತಮ್ಮ ಹೆಸರನ್ನೂ ಐರಿಷ್ ರೂಪಕ್ಕೆ ಬದಲಿಸಿಕೊಂಡರು. ಬ್ಯಾಗ್‌ಪೈಪ್ ವಾದ್ಯದ ಬ್ಯಾಂಡೊಂದನ್ನು ಕಟ್ಟಿ ಅದರ ಕಾರ್ಯದರ್ಶಿಯಾದರು. ಗುಪ್ತ ಕ್ರಾಂತಿಕಾರಿ ಸಂಘವನ್ನೂ ಸೇರಿದರು. ಆದರೆ ದಿನವೂ ಕಣ್ಣಿಗೆ ಬೀಳುತ್ತಿದ್ದ ಸಂಗತಿ ಬೇರೆ. 1911ರ ಸುಮಾರಿಗೆ ಡಬ್ಲಿನ್ನಿನಲ್ಲಿ ಸುಮಾರು 20,000 ಕುಟುಂಬಗಳು ಒಂದೊಂದೇ ಕೋಣೆಯಲ್ಲಿ ಬದುಕುತ್ತಿದ್ದವು. ಒಂದು ಕಾಲಕ್ಕೆ ಶ್ರೀಮಂತರು ಕಟ್ಟಿಸಿದ ದೊಡ್ಡ ಮನೆಗಳು ಪಾಳುಬಿದ್ದು, ಕೋಣೆಗೊಂದು ಸಂಸಾರದಂತೆ ಬಾಡಿಗೆಗೆ ಹೋಗಿದ್ದವು. ಅಡುಗೆ, ನಿದ್ದೆ, ಹೆರಿಗೆ, ಕಾಯಿಲೆ, ಸಾವು ಎಲ್ಲವೂ ಆ ಒಂದೇ ಕೋಣೆಯಲ್ಲಿ. ಮನೆಮನೆಯಲ್ಲೂ ಕ್ಷಯ. 1913ರ ಸೆಪ್ಟೆಂಬರ್‌ನಲ್ಲಿ ಚರ್ಚ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಇಂಥ ಮನೆಗಳು ಕುಸಿದು ಏಳು ಜನ ಸತ್ತರು.

ಅದೇ ವರ್ಷ ಡಬ್ಲಿನ್ನಿನ ದೊಡ್ಡ ಲಾಕೌಟ್ ನಡೆಯಿತು. ಜಿಮ್ ಲಾರ್ಕಿನ್ ಎಂಬ ನಾಯಕರು ಕೂಲಿಗಳನ್ನು ಒಂದು ಯೂನಿಯನ್ ಆಗಿ ಕಟ್ಟಿದ್ದರು. ಯೂನಿಯನ್ ಬಿಡುತ್ತೇವೆಂದು ಸಹಿ ಹಾಕಿ, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಮಾಲೀಕರು ಗೇಟು ಹಾಕಿದರು. ಸುಮಾರು 20,000 ಕಾರ್ಮಿಕರು ಬೀದಿಗೆ ಬಿದ್ದರು. ಯೂನಿಯನ್ ಸೇರಿದ್ದಕ್ಕಾಗಿ ಓಕೇಸಿ ಅದಕ್ಕೆ ಮೊದಲೇ, 1911ರಲ್ಲೇ ರೈಲ್ವೆ ಕೆಲಸ ಕಳೆದುಕೊಂಡಿದ್ದರು. ಈಗ ಅವರು ಕಾರ್ಮಿಕರ ಹೆಂಗಸರು ಮಕ್ಕಳಿಗೆ ಸಹಾಯ ಮಾಡುವ ನಿಧಿಯ ಕಾರ್ಯದರ್ಶಿಯಾದರು. 1914ರ ಆರಂಭದ ಹೊತ್ತಿಗೆ ಹಸಿವು ಗೆದ್ದಿತು, ಕಾರ್ಮಿಕರು ಸೋತು ಕೆಲಸಕ್ಕೆ ಮರಳಿದರು.

ಆ ಹೋರಾಟದ ನಡುವೆ, ಪೊಲೀಸರ ಲಾಠಿಯಿಂದ ಕಾರ್ಮಿಕರನ್ನು ಕಾಪಾಡಲು ಐರಿಷ್ ಸಿಟಿಜನ್ ಆರ್ಮಿ ಎಂಬ ಪಡೆ ಹುಟ್ಟಿಕೊಂಡಿತು. ಅದರ ಬಾವುಟದಲ್ಲಿ ನೇಗಿಲು ಮತ್ತು ನಕ್ಷತ್ರಗಳು. 1914ರಲ್ಲಿ ಓಕೇಸಿ ಅದರ ಕಾರ್ಯದರ್ಶಿಯಾಗಿ ಅದರ ನಿಯಮಾವಳಿಯನ್ನು ಬರೆದರು. ಆದರೆ ಕೆಲವೇ ತಿಂಗಳಲ್ಲಿ ಹೊರಬಂದರು. ರಾಷ್ಟ್ರೀಯವಾದಿಗಳ ಬೇರೊಂದು ಪಡೆ ಇತ್ತು. ಅದರಲ್ಲಿ ಮಾಲೀಕ ವರ್ಗದವರೂ ಇದ್ದರು. ಕೌಂಟೆಸ್ ಮಾರ್ಕಿವಿಚ್ ಎಂಬ ನಾಯಕಿಗೆ ಎರಡೂ ಕಡೆ ನಂಟಿತ್ತು. ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ ಎಂದು ಓಕೇಸಿ ಪಟ್ಟು ಹಿಡಿದರು. ಸಭೆ ಒಪ್ಪಲಿಲ್ಲ. ಅವರು ರಾಜೀನಾಮೆ ಕೊಟ್ಟು ಮನೆಗೆ ನಡೆದರು.

1916ರ ಏಪ್ರಿಲ್ 24ರಂದು ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು. ಅದನ್ನು ಈಸ್ಟರ್ ದಂಗೆ ಎನ್ನುತ್ತಾರೆ. ಸಿಟಿಜನ್ ಆರ್ಮಿಯೂ ಅದರಲ್ಲಿತ್ತು. ಒಂದೇ ವಾರದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಂದೂಕು ಹಿಡಿಯದ ಸಾಮಾನ್ಯ ಜನ. ದಂಗೆಯ ನಾಯಕರನ್ನು ಬ್ರಿಟಿಷರು ಗುಂಡಿಕ್ಕಿ ಕೊಂದರು. ಕಾರ್ಮಿಕ ನಾಯಕ ಜೇಮ್ಸ್ ಕಾನಲಿ ಗಾಯಗೊಂಡು ನಿಲ್ಲಲಾರದ ಸ್ಥಿತಿಯಲ್ಲಿದ್ದರು, ಅವರನ್ನು ಕುರ್ಚಿಗೆ ಕಟ್ಟಿ ಕೊಂದರು. ಆ ಸಾವುಗಳು ಇಡೀ ದೇಶದ ಮನಸ್ಸನ್ನು ತಿರುಗಿಸಿದವು. ಸತ್ತವರು ಪೂಜ್ಯರಾದರು. ಓಕೇಸಿ ದಂಗೆಯಲ್ಲಿ ಭಾಗವಹಿಸಿರಲಿಲ್ಲ. ಸಿಟಿಜನ್ ಆರ್ಮಿಯ ಕಥೆಯನ್ನು ಅವರು 1919ರಲ್ಲಿ ಪುಸ್ತಕವಾಗಿ ಬರೆದರು. ಅದರಲ್ಲಿ ಅವರು ಅತಿ ಹೆಚ್ಚು ಗೌರವ ಕೊಟ್ಟದ್ದು ಬಂದೂಕು ಹಿಡಿದವರಿಗಲ್ಲ. ಫ್ರಾನ್ಸಿಸ್ ಶೀಹಿ ಸ್ಕೆಫಿಂಗ್ಟನ್ ಎಂಬ ಅಹಿಂಸಾವಾದಿ ಪತ್ರಕರ್ತರಿಗೆ. ಆ ವಾರ ಬ್ರಿಟಿಷ್ ಸೇನೆಯ ಅಧಿಕಾರಿಯೊಬ್ಬ ಅವರನ್ನು ವಿಚಾರಣೆಯೇ ಇಲ್ಲದೆ ಕೊಲ್ಲಿಸಿದ್ದ. ಈ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1918 ಓಕೇಸಿಗೆ ಕೆಟ್ಟ ವರ್ಷ. ಅಕ್ಷರ ಕಲಿಸಿದ ಅಕ್ಕ ಬೆಲ್ಲಾ ವರ್ಷದ ಮೊದಲಲ್ಲೇ ತೀರಿಕೊಂಡರು. ಸೈನಿಕನನ್ನು ಮದುವೆಯಾಗಿ ಶಿಕ್ಷಕಿಯ ಕೆಲಸ ಬಿಟ್ಟಿದ್ದರು. ಗಂಡನಿಗೆ ಬುದ್ಧಿಭ್ರಮಣೆಯಾಯಿತು. ಮಕ್ಕಳನ್ನು ಸಾಕಲು ಬೇರೆಯವರ ಮನೆಯ ನೆಲ ಉಜ್ಜಿದರು. ಅದೇ ಬಡತನದಲ್ಲೇ ಹೋದರು. ಆ ವರ್ಷ ಮುಗಿಯುವ ಮೊದಲು ತಾಯಿಯೂ ಹೋದರು. ಮಗ ಟೋಪಿ ತೆಗೆಯದೆ ಕೆಲಸ ಕಳೆದುಕೊಂಡಾಗಲೆಲ್ಲ ಅವನ ತಟ್ಟೆಗೆ ಅನ್ನ ಹಾಕಿದವರು ಆ ತಾಯಿ. ತಲೆಯೆತ್ತಿ ನಡೆಯುವ ಗಂಡಸಿನ ಹಿಂದೆ ಯಾರು ಬಗ್ಗಿ ದುಡಿಯುತ್ತಿದ್ದರು ಎಂಬುದನ್ನು ಓಕೇಸಿ ಕಂಡಿದ್ದರು. ಅವರ ನಾಟಕಗಳೆಲ್ಲ ಅಲ್ಲಿಂದಲೇ ಬಂದವು ಎಂದು ನನಗನ್ನಿಸುತ್ತದೆ.

ಡಬ್ಲಿನ್ನಿನ ಆ್ಯಬಿ ರಂಗಮಂದಿರ ಐರ್ಲೆಂಡಿನ ಹೆಮ್ಮೆ. ಕವಿ ಯೇಟ್ಸ್ ಮತ್ತು ಲೇಡಿ ಗ್ರೆಗರಿ ಅದನ್ನು ನಡೆಸುತ್ತಿದ್ದರು. ಓಕೇಸಿ ಕಳಿಸಿದ ಮೊದಲ ನಾಟಕಗಳು ಒಂದಾದ ಮೇಲೊಂದು ವಾಪಸ್ ಬಂದವು. ಆದರೆ ಪಾತ್ರಗಳನ್ನು ಜೀವಂತವಾಗಿ ಕಟ್ಟುವ ಶಕ್ತಿ ಇವರಲ್ಲಿದೆ ಎಂದು ಲೇಡಿ ಗ್ರೆಗರಿ ಗುರುತಿಸಿ ಹುರಿದುಂಬಿಸಿದರು. 1923ರ ಏಪ್ರಿಲ್‌ನಲ್ಲಿ 'ದ ಶ್ಯಾಡೋ ಆಫ್ ಎ ಗನ್‌ಮ್ಯಾನ್' ರಂಗಕ್ಕೆ ಬಂತು. ಆಗ ಓಕೇಸಿಗೆ 43 ವರ್ಷ. ಇನ್ನೂ ಕೂಲಿಕಾರ. ಕ್ರಾಂತಿಕಾರಿ ಎಂದು ಜನ ತಪ್ಪು ತಿಳಿದುಕೊಂಡಾಗ ಆ ಕೀರ್ತಿಯನ್ನು ಸುಮ್ಮನೆ ಅನುಭವಿಸುವ ಒಬ್ಬ ಕವಿ, ಅವನ ಹೇಡಿತನದಿಂದ ಪ್ರಾಣ ಕಳೆದುಕೊಳ್ಳುವ ಒಬ್ಬ ಹುಡುಗಿ. ಇದು ಕಥೆ.

ಮರುವರ್ಷ 'ಜೂನೋ ಅಂಡ್ ದ ಪೇಕಾಕ್'. ದುಡಿಯದೆ ಕುಡಿದು ಬಡಾಯಿ ಕೊಚ್ಚುವ ಗಂಡ. ಹೋರಾಟದಲ್ಲಿ ತೋಳು ಕಳೆದುಕೊಂಡ ಮಗ. ಮೋಸಹೋಗಿ ಬಸುರಾದ ಮಗಳು. ಎಲ್ಲರನ್ನೂ ಹೊತ್ತು ನಡೆಯುವ ತಾಯಿ ಜೂನೋ. ಅವಳ ನೆರೆಮನೆಯ ಮುದುಕಿಗೂ ಒಬ್ಬ ಮಗನಿದ್ದ. ಅವನು ಸತ್ತಾಗ ಜೂನೋ ಅಷ್ಟಾಗಿ ಮರುಗಿರಲಿಲ್ಲ. ಆಮೇಲೆ ತನ್ನ ಮಗನನ್ನೇ, ಆ ಹುಡುಗನನ್ನು ಹಿಡಿದುಕೊಟ್ಟ ದ್ರೋಹಕ್ಕಾಗಿ, ಕೊಂದು ಹಾಕುತ್ತಾರೆ. ಆಗ ಅವಳಿಗೆ ಆ ಮುದುಕಿಯ ಅಳು ನೆನಪಾಗುತ್ತದೆ. ಅವಳ ಮಗ ಯಾವ ಪಕ್ಷದವನು ಎಂದು ನೋಡಿದೆನೇ ಹೊರತು, ಅವನೂ ಒಬ್ಬ ತಾಯಿಯ ಮಗ ಎಂದು ನೋಡಲಿಲ್ಲವಲ್ಲ ಎಂದು ಕರಗುತ್ತಾಳೆ. ಕರುಣೆಯ ಬಗ್ಗೆ ನಾವು ಬಳಗದಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಈ ದೃಶ್ಯ ಓದಿದ ಮೇಲೆ ನನಗೆ ಆ ಮಾತು ಇನ್ನಷ್ಟು ಅರ್ಥವಾಯಿತು.

1926ರ ಫೆಬ್ರುವರಿಯಲ್ಲಿ ಬಂದ ನಾಟಕ 'ದ ಪ್ಲೋ ಅಂಡ್ ದ ಸ್ಟಾರ್ಸ್'. ಅಂದರೆ ನೇಗಿಲು ಮತ್ತು ನಕ್ಷತ್ರಗಳು, ತಾವೇ ಕಾರ್ಯದರ್ಶಿಯಾಗಿದ್ದ ಪಡೆಯ ಬಾವುಟ. ಕಥೆ ಈಸ್ಟರ್ ದಂಗೆಯದು, ಆದರೆ ನಾಯಕರು ಅದರಲ್ಲಿಲ್ಲ. ಒಂದು ವಠಾರದ ಜನ ಇದ್ದಾರೆ. ಕ್ಷಯದಿಂದ ಕೆಮ್ಮುತ್ತಾ ಸಾಯುವ ಹುಡುಗಿ. ಗಂಡ ಯುದ್ಧಕ್ಕೆ ಹೋಗದಿರಲಿ ಎಂದು ಅವನಿಗೆ ಬಂದ ಪತ್ರ ಸುಟ್ಟುಹಾಕುವ ನೋರಾ. ಗಂಡ ಸಾಯುತ್ತಾನೆ, ಅವಳ ಹೊಟ್ಟೆಯ ಮಗು ಸಾಯುತ್ತದೆ, ಅವಳಿಗೆ ಮತಿಭ್ರಮಣೆಯಾಗುತ್ತದೆ. ಆಗ ಅವಳನ್ನು ನೋಡಿಕೊಳ್ಳುವವಳು ಯಾರು? ಎಲ್ಲರೊಂದಿಗೆ ಜಗಳವಾಡುವ, ಬ್ರಿಟಿಷರ ಪರ ಕೂಗುವ ಹಣ್ಣು ಮಾರುವ ಬೆಸ್ಸಿ. ನೋರಾಳನ್ನು ಕಿಟಕಿಯಿಂದ ಎಳೆಯಲು ಹೋಗಿ ಅವಳೇ ಗುಂಡಿಗೆ ಬಲಿಯಾಗುತ್ತಾಳೆ.

ದಂಗೆ ನಡೆದು ಆಗಿನ್ನೂ ಹತ್ತೇ ವರ್ಷ. ನಾಟಕದಲ್ಲಿ ಬಾವುಟ ಹೆಂಡದಂಗಡಿಗೆ ಬರುತ್ತದೆ, ಅಲ್ಲೊಬ್ಬಳು ವೇಶ್ಯೆ ಇದ್ದಾಳೆ. ಪವಿತ್ರವಾದದ್ದನ್ನು ಹೊಲಸು ಮಾಡಿದರು ಎಂದು ಫೆಬ್ರುವರಿ 11ರ ಪ್ರದರ್ಶನದಲ್ಲಿ ಗಲಾಟೆ ಎದ್ದಿತು. ಜನ ರಂಗದ ಮೇಲೆ ನುಗ್ಗಿದರು. ಯೇಟ್ಸ್ ವೇದಿಕೆಗೆ ಬಂದು ಪ್ರೇಕ್ಷಕರನ್ನು ಗದರಿದರು. ಪ್ರತಿಭಟನೆಯ ಮುಂದಾಳು ಹನ್ನಾ ಶೀಹಿ ಸ್ಕೆಫಿಂಗ್ಟನ್. ಹೌದು, ಕೊಲೆಯಾದ ಆ ಪತ್ರಕರ್ತರ ಹೆಂಡತಿ. ಯಾವ ಮನುಷ್ಯನನ್ನು ಓಕೇಸಿ ಎಲ್ಲರಿಗಿಂತ ಹೆಚ್ಚು ಗೌರವಿಸಿದ್ದರೋ ಅವರ ವಿಧವೆಯೇ ಎದುರಿಗೆ ನಿಂತಿದ್ದರು. ಅವರ ನೋವೂ ನಿಜ. ಓಕೇಸಿ ಕಂಡದ್ದೂ ನಿಜ. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರನ್ನು ಅವರು ಹೀಯಾಳಿಸಲಿಲ್ಲ. ಆ ಸ್ವಾತಂತ್ರ್ಯ ವಠಾರದ ಆ ಒಂದು ಕೋಣೆಗೆ ಏನು ತಂದಿತು ಎಂದು ಕೇಳಿದರು. ತಮ್ಮವರನ್ನೇ ಕೇಳಿದರು. ದೇಶದ ಮುಂದೆಯೂ ಅವರು ಟೋಪಿ ತೆಗೆಯಲಿಲ್ಲ.

ಅದೇ ವರ್ಷ 'ಜೂನೋ'ಗೆ ಹಾಥಾರ್ನ್‌ಡನ್ ಪ್ರಶಸ್ತಿ ಬಂತು. ಅದನ್ನು ಪಡೆಯಲು ಲಂಡನ್ನಿಗೆ ಹೋದವರು ಇಂಗ್ಲೆಂಡಿನಲ್ಲೇ ಉಳಿದುಬಿಟ್ಟರು. 1927ರಲ್ಲಿ ನಟಿ ಐಲೀನ್ ಕ್ಯಾರಿ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು. 1928ರಲ್ಲಿ 'ದ ಸಿಲ್ವರ್ ಟ್ಯಾಸಿ' ಬರೆದರು. ಫುಟ್‌ಬಾಲ್ ಆಡಿ ಕಪ್ ಗೆದ್ದ ಯುವಕ ಮೊದಲ ಮಹಾಯುದ್ಧಕ್ಕೆ ಹೋಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಮರಳುವ ಕಥೆ. ತಮ್ಮನ್ನು ಕಾಪಾಡಿದ್ದ ಅದೇ ಯೇಟ್ಸ್ ಅದನ್ನು ತಿರಸ್ಕರಿಸಿದರು. ಸದ್ದಿಲ್ಲದೆ ನಾಟಕ ಹಿಂತೆಗೆದುಕೊಳ್ಳಬಹುದಿತ್ತು. ಓಕೇಸಿ ಪತ್ರಗಳನ್ನೆಲ್ಲ ಪತ್ರಿಕೆಯಲ್ಲಿ ಪ್ರಕಟಿಸಿ ಬಹಿರಂಗವಾಗಿ ಜಗಳ ಮಾಡಿದರು. ಇನ್ನೊಬ್ಬ ಐರಿಷ್ ನಾಟಕಕಾರ ಬರ್ನಾರ್ಡ್ ಶಾ ಇವರ ಪರ ನಿಂತರು. ಆದರೆ ತಮ್ಮ ನಾಟಕಗಳಿಗೆ ಇದ್ದ ಏಕೈಕ ಸ್ವಂತ ಮನೆ ಓಕೇಸಿಗೆ ತಪ್ಪಿಹೋಯಿತು. ಆ್ಯಬಿ ಅದನ್ನು ಆಡಿದ್ದು ಏಳು ವರ್ಷದ ನಂತರ, 1935ರಲ್ಲಿ.

1938ರಲ್ಲಿ ಮಕ್ಕಳ ಓದಿಗಾಗಿ ಡೆವನ್ ಪ್ರಾಂತ್ಯದ ಟಾಟ್ನೆಸ್ ಊರಿಗೆ ಹೋದರು. ಹತ್ತಿರದ ಡಾರ್ಟಿಂಗ್ಟನ್ ಶಾಲೆಗೆ ಮಕ್ಕಳನ್ನು ಸೇರಿಸಿದರು. ಆ ಸಂಸ್ಥೆ ಕಟ್ಟಿದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅದಕ್ಕೆ ಮೊದಲು ಬಂಗಾಳದ ಶ್ರೀನಿಕೇತನದಲ್ಲಿ ಟ್ಯಾಗೋರರ ಜೊತೆ ಹಳ್ಳಿಗಳಲ್ಲಿ ಕೆಲಸ ಮಾಡಿದ್ದವರು. ಅಲ್ಲಿದ್ದುಕೊಂಡು ಓಕೇಸಿ 1939ರಿಂದ 1954ರವರೆಗೆ ಆರು ಸಂಪುಟಗಳಲ್ಲಿ ಆತ್ಮಕಥೆ ಬರೆದರು. ತಮ್ಮ ಬಗ್ಗೆಯೇ ನಾನು ಎನ್ನದೆ ಅವನು ಎಂದು ಬರೆದರು. 1958ರಲ್ಲಿ ಡಬ್ಲಿನ್ ನಾಟಕೋತ್ಸವಕ್ಕೆ ಇವರ ಹೊಸ ನಾಟಕ ಬರುವುದಿತ್ತು. ಆರ್ಚ್‌ಬಿಷಪ್ ಅಸಮಾಧಾನ ತೋರಿದರು. ಸಂಘಟಕರು ನಾಟಕ ತಿದ್ದಲು ಕೇಳಿದರು. ಓಕೇಸಿ ನಾಟಕ ಹಿಂತೆಗೆದುಕೊಂಡರು, ಐರ್ಲೆಂಡಿನಲ್ಲಿ ವೃತ್ತಿತಂಡಗಳು ತಮ್ಮ ನಾಟಕ ಆಡಬಾರದೆಂದು ತಡೆ ಹಾಕಿದರು. ಸ್ಯಾಮ್ಯುಯೆಲ್ ಬೆಕೆಟ್ ಕೂಡ ಬೆಂಬಲವಾಗಿ ತಮ್ಮ ನಾಟಕ ಹಿಂತೆಗೆದರು. ಚರ್ಚಿನ ಮುಂದೆಯೂ ಟೋಪಿ ಇಳಿಯಲಿಲ್ಲ.

ಕೊನೆಯ ವರ್ಷಗಳು ಹಗುರವಾಗಿರಲಿಲ್ಲ. ಮಗ ನಿಯಾಲ್ 21ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿಗೆ ಬಲಿಯಾದ. ಕಣ್ಣು ಬಹುತೇಕ ಹೋಯಿತು. ಮನೆಯೊಳಗೂ ತಲೆಯ ಮೇಲೊಂದು ಬಣ್ಣದ ಟೋಪಿ ಇರುತ್ತಿತ್ತು. 1964ರ ಸೆಪ್ಟೆಂಬರ್ 18ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಪೂರ್ತಿ ಸತ್ಯವಾಗುವುದಿಲ್ಲ.

ಒಂದು ಕಡೆ ಓಕೇಸಿ ಟೋಪಿ ತೆಗೆದರು. ಬಡವರ ರಾಜ್ಯ ಎಂದು ನಂಬಿದ ಸೋವಿಯತ್ ರಷ್ಯಾದ ಮುಂದೆ. ಸ್ಟಾಲಿನ್ ಕಾಲದ ಹುಸಿ ವಿಚಾರಣೆಗಳನ್ನು ಸಮರ್ಥಿಸಿದರು. ಅಲ್ಲಿ ಲಕ್ಷಾಂತರ ಜನ ಸೆರೆಯಲ್ಲಿ ನರಳಿ ಸತ್ತ ಸುದ್ದಿ ಹೊರಬಂದ ಮೇಲೂ ನಂಬಿಕೆ ಬಿಡಲಿಲ್ಲ. ಡಬ್ಲಿನ್ನಿನ ವಠಾರದ ತಾಯಿಯ ಅಳು ಕೇಳಿದ ಕಿವಿಗೆ ರಷ್ಯಾದ ತಾಯಿಯ ಅಳು ಕೇಳಲಿಲ್ಲ. ಮಾಲೀಕನಿಗೆ, ಚರ್ಚಿಗೆ, ದೇಶಕ್ಕೆ ತಲೆಬಾಗದವರು ತಾವು ಪ್ರೀತಿಸಿದ್ದಕ್ಕೆ ಬಾಗಿದರು. ಅವರನ್ನು ಇದಕ್ಕಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಇದನ್ನು ಮುಚ್ಚಿಟ್ಟು ಅವರ ಫೋಟೋಗೆ ಹಾರ ಹಾಕಿದರೆ, ಅವರ ನಾಟಕವನ್ನು ನಾನು ಓದಿಯೇ ಇಲ್ಲ ಎಂದಾಗುತ್ತದೆ.

ಈಗ ನನ್ನ ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಜನರದೇ ಒಂದು ಸಭೆ. ಕಟ್ಟಡಕ್ಕೆಂದು ಎತ್ತಿದ ಚಂದಾದ ಲೆಕ್ಕವನ್ನು ಒಬ್ಬ ಹೆಣ್ಣುಮಗಳು ಎದ್ದುನಿಂತು ಕೇಳಿದಳು. ಮನೆಗೆಲಸ ಮಾಡಿ ಅವಳು ಕೊಟ್ಟ ದುಡ್ಡೂ ಅದರಲ್ಲಿತ್ತು. ವೇದಿಕೆಯ ಮೇಲಿದ್ದ ಹಿರಿಯರು ಚಳವಳಿಗೆ ದ್ರೋಹ ಮಾಡಬೇಡ ಎಂದು ಗದರಿ ಕೂರಿಸಿದರು. ಆ ಹಿರಿಯರು ನನಗೆ ಹಾಸ್ಟೆಲ್ ಸೀಟು ಕೊಡಿಸಿದವರು, ನನಗೆ ತಂದೆಯ ಸಮಾನ. ಅವಳ ಪ್ರಶ್ನೆ ನ್ಯಾಯವಾದದ್ದು ಎಂದು ಗೊತ್ತಿದ್ದೂ ನಾನು ತಲೆ ತಗ್ಗಿಸಿ ಕುಳಿತೆ. ಅವಳು ಮತ್ತೆ ಯಾವ ಸಭೆಗೂ ಬರಲಿಲ್ಲ.

ತಾತ ಟವೆಲ್ ಬಿಚ್ಚಿದ್ದು ಭಯಕ್ಕೆ. ನಾನು ಬಿಚ್ಚಿದ್ದು ಪ್ರೀತಿಗೆ, ಋಣಕ್ಕೆ. ತಾತನಿಗೆ ಬೇರೆ ದಾರಿ ಇರಲಿಲ್ಲ. ನನಗಿತ್ತು. ತಾತನಿಗೆ ಇಲ್ಲದ ಆ ದಾರಿ ನನಗೆ ಸಿಕ್ಕಿದ್ದು ಬಾಬಾಸಾಹೇಬರಿಂದ. ರಾಜಕೀಯದಲ್ಲಿ ವ್ಯಕ್ತಿಪೂಜೆ ಎಷ್ಟು ಅಪಾಯ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ಗುರು ಹೇಳಿದ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ, ಪರೀಕ್ಷಿಸಿ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದ್ದನ್ನೂ ಓದಿದ್ದೇವೆ. ಓದಿದ್ದು ಬೇರೆ, ಆ ದಿನ ಎದ್ದು ನಿಲ್ಲುವುದು ಬೇರೆ.

ಕಳೆದ ಭಾನುವಾರ ಆ ಹೆಣ್ಣುಮಗಳ ಮನೆಗೆ ಹೋಗಿದ್ದೆ. ಕ್ಷಮೆ ಕೇಳಿದೆ. ಅವಳು ಹೆಚ್ಚೇನೂ ಮಾತಾಡಲಿಲ್ಲ, ಚಹಾ ಕೊಟ್ಟಳು. ಮುಂದಿನ ಸಭೆಯಲ್ಲಿ ಆ ಲೆಕ್ಕವನ್ನು ನಾನೇ ಕೇಳುವವನಿದ್ದೇನೆ. ಹಿರಿಯರ ಕಾಲಿಗೆ ಅಲ್ಲ, ಕಣ್ಣಿಗೆ ಕಣ್ಣಿಟ್ಟು, ಮರ್ಯಾದೆಯಿಂದಲೇ ಕೇಳುತ್ತೇನೆ.

ಇವತ್ತು ಹತ್ತು ನಿಮಿಷ ಕಣ್ಣುಮುಚ್ಚಿ ಕುಳಿತಾಗ ಇಷ್ಟು ನೋಡಿಕೊಳ್ಳೋಣ. ವೈರಿಗಳ ಮುಂದೆ ನಾವು ತಲೆ ಎತ್ತಿದ್ದೇವೆ, ಸರಿ. ನಮ್ಮವರು ತಪ್ಪು ಮಾಡಿದಾಗ ಎಲ್ಲಿ ತಲೆ ತಗ್ಗಿಸಿದ್ದೇವೆ? ಆಗ ಯಾರು ಒಂಟಿಯಾದರು?

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.